ಬೆಲೆ ಹರಿದ ಪೊಟ್ಟಣಗಳು

ಈ ಬರಹದಲ್ಲಿ ಕೆಲವು ವಿವರಗಳು ತಪ್ಪಿರಬಹುದು. ೨೦೨೧ರಲ್ಲಿ ಬಹುಪಾಲು ನಾನು ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದೆ. ಅದು ನಿದ್ದೆ ಕೆಡಿಸಿತು, ಮುಖ ಊದಿಸಿತು, ನೆನಪನ್ನೂ ಏನೋ ಮಾಡಿತು. ದಿನಚರಿ ಬರೆಯುವುದು ಕಾಲೇಜಿನಿಂದ ಬಂದ ಅಭ್ಯಾಸ. ಆದರೆ ಆ ವರ್ಷದ ಪುಸ್ತಕವನ್ನು ಈಗ ತೆರೆದರೆ ಕೆಲವು ಪುಟಗಳಲ್ಲಿ ತಾರೀಕು ಮಾತ್ರ ಇದೆ. ಇನ್ನು ಕೆಲವು ಕಡೆ ಕೈ ನಡುಗಿ ಬರೆದ ನನ್ನದೇ ಅಕ್ಷರವನ್ನು ನಾನೇ ಓದಲಾರೆ. ಒಂದೇ ಸಂಗತಿಯನ್ನು ಎರಡು ಪುಟಗಳಲ್ಲಿ ಎರಡು ರೀತಿ ಬರೆದದ್ದೂ ಉಂಟು. ಖಚಿತವಿಲ್ಲದ ಕಡೆ ಹಾಗೆಂದೇ ಹೇಳುತ್ತೇನೆ.

ಆದರೂ ಬರೆಯುತ್ತಿದ್ದೇನೆ. ಆಸ್ಪತ್ರೆಯ ಔಷಧಿಯ ಜೊತೆಗೆ ಮನೆಯಲ್ಲಿ ಇನ್ನೇನನ್ನೋ ಕುಡಿಯುತ್ತ, ಅದನ್ನು ಡಾಕ್ಟರಿಗೆ ಹೇಳದೆ ಕುಳಿತಿರುವವರು ನಮ್ಮವರಲ್ಲಿ ನಾನೊಬ್ಬಳೇ ಅಲ್ಲ ಎಂದು ನನಗೆ ಗೊತ್ತು.

ಮೊದಲು ಗೊತ್ತಾದದ್ದು ಕಾಲಿನಿಂದ. ಸಂಜೆ ಕಾಲುಚೀಲ ಕಳಚಿದರೆ ಅದರ ಅಂಚು ಚರ್ಮದಲ್ಲಿ ಬಳೆಯಂತೆ ಉಳಿಯುತ್ತಿತ್ತು. ಇಡೀ ದಿನ ಮನೆಯಲ್ಲೇ ಕುಳಿತು ಕೆಲಸ ಮಾಡುವುದರಿಂದ ಹೀಗೆ ಎಂದುಕೊಂಡೆ. ಮೂತ್ರದಲ್ಲಿ ನೊರೆ ಕಂಡಾಗ ಟಾಯ್ಲೆಟ್ ತೊಳೆಯುವ ಸೋಪಿನ ನೊರೆ ಎಂದುಕೊಂಡೆ. ಕನ್ನಡಿಯಲ್ಲಿ ಕಣ್ಣಿನ ಕೆಳಗೆ ನೀರು ತುಂಬಿದ ಚೀಲಗಳು ಕಂಡ ಮೇಲೆ ಗಂಡ ಗಿರೀಶ ಹಟ ಮಾಡಿ ಕರೆದುಕೊಂಡು ಹೋದ. ಕೋವಿಡ್ ಕಾರಣ ಅವನನ್ನು ಒಳಗೆ ಬಿಡಲಿಲ್ಲ. ಅವನು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ, ನಾನು ಒಂದು ಬಿಟ್ಟು ಒಂದಕ್ಕೆ ಟೇಪ್ ಸುತ್ತಿದ ಕುರ್ಚಿಗಳ ಸಾಲಿನಲ್ಲಿ. ಕಿಡ್ನಿಯ ಜರಡಿ ಹರಿದಿದೆ, ರಕ್ತದಲ್ಲಿ ನಿಲ್ಲಬೇಕಾದ ಪ್ರೋಟೀನು ಸೋರಿ ಹೋಗುತ್ತಿದೆ ಎಂದು ಡಾಕ್ಟರು ಮಾಸ್ಕಿನ ಹಿಂದಿನಿಂದ ಹೇಳಿದರು. ಅವರ ಬಾಯಿ ಕಾಣದೆ ಇದ್ದುದರಿಂದ ಅದು ಎಷ್ಟು ಕೆಟ್ಟ ಸುದ್ದಿ ಎಂದು ಅಳೆಯಲು ನನಗೆ ಆಗಲಿಲ್ಲ. ಆಚೆ ಬಂದು ಗಿರೀಶನಿಗೆ ಹೇಳಿದೆ. ಅವನು ಕಾರು ಸ್ಟಾರ್ಟ್ ಮಾಡಿದ, ಆಫ್ ಮಾಡಿದ, ಮತ್ತೆ ಸ್ಟಾರ್ಟ್ ಮಾಡಿದ. ನಲವತ್ತಮೂರು ವರ್ಷಕ್ಕೆ ಕಿಡ್ನಿ ಹೋಗುತ್ತದೆಯೇ ಎಂದು ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ಆಗ ನಾವು ಅಮೆರಿಕದ ಸೆಂಟರ್‌ವಿಲ್‌ನಲ್ಲಿದ್ದೆವು, ಈಗಲೂ ಅಲ್ಲೇ ಇದ್ದೇವೆ. ನನ್ನ ಅಣ್ಣ ಮುರಳಿ ಮತ್ತು ಅತ್ತಿಗೆ ಹತ್ತಿರದ ಹರ್ನ್‌ಡನ್‌ನಲ್ಲಿದ್ದರು. ಅಣ್ಣನದು ಶ್ಯಾಂಟಿಲಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ಅತ್ತಿಗೆ ನನಗಿಂತ ಒಂಬತ್ತು ವರ್ಷ ದೊಡ್ಡವರು. ನಾನು ಪಿಯುಸಿ ಓದುವಾಗ ಮೈಸೂರಿನ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಅಮ್ಮ ತೀರಿಕೊಂಡ ಮೇಲೆ ನನ್ನ ಬಾಣಂತನಕ್ಕೆಂದು ವರ್ಜೀನಿಯಾದ ಹಿಮದಲ್ಲಿ ಎರಡು ತಿಂಗಳು ನಮ್ಮ ಮನೆಯಲ್ಲಿ ನಿಂತವರು. ನನಗೆ ಕಿಡ್ನಿ ಕಾಯಿಲೆ ಎಂದ ಮರುದಿನವೇ ಮೂರು ಡಬ್ಬಿ ಉಪ್ಪಿಲ್ಲದ ಅಡುಗೆ ತಂದು ಬಾಗಿಲಲ್ಲಿಟ್ಟು, ಆರು ಅಡಿ ದೂರ ನಿಂತು, "ಶೈಲು, ಹುಳಿ ಜಾಸ್ತಿ ಹಾಕಿದೀನಿ, ಉಪ್ಪಿಲ್ಲ ಅಂತ ಗೊತ್ತಾಗಲ್ಲ" ಅಂದರು. ಗೊತ್ತಾಗುತ್ತಿತ್ತು. ಆದರೂ ತಿಂದೆ.

ಲಿನ್ ಎಂಬ ಚೀನೀ ವೈದ್ಯೆಯ ಬಳಿಗೆ ಕರೆದುಕೊಂಡು ಹೋದದ್ದೂ ಅತ್ತಿಗೆಯೇ. ಅವರ ಮಂಡಿನೋವು ಅಲ್ಲಿ ಕಡಿಮೆಯಾಗಿತ್ತು. ನಮ್ಮ ಮನೆಯಿಂದ ಹತ್ತು ನಿಮಿಷ ದೂರದಲ್ಲಿ, ಒಂದೇ ಸಾಲಿಗೆ ಅಂಗಡಿಗಳಿರುವ ಸ್ಟ್ರಿಪ್ ಮಾಲಿನಲ್ಲಿ, ಡ್ರೈಕ್ಲೀನರ್ ಅಂಗಡಿಯ ಪಕ್ಕ ಒಂದು ಕೋಣೆ. ಒಂದು ಗೋಡೆ ತುಂಬ ಪುಟ್ಟ ಮರದ ಡ್ರಾಯರುಗಳು. ಇನ್ನೊಂದು ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ ಬೆಲೆಪಟ್ಟಿ, ಗಿಡಮೂಲಿಕೆಯ ಹೆಸರು ಮತ್ತು ಗ್ರಾಮಿಗೆ ಎಷ್ಟು ಎಂದು ಎರಡು ಭಾಷೆಯಲ್ಲಿ. ಲಿನ್ ನಾಡಿ ನೋಡಿದರು, ನಾಲಿಗೆ ನೋಡಿದರು. ಕಿಡ್ನಿಗೆ ತಾನು ಔಷಧಿ ಕೊಡುವುದಿಲ್ಲ, ಆ ಕೆಲಸ ಆಸ್ಪತ್ರೆಯದು, ಹಸಿವಿಗೆ ಮತ್ತು ಓಕರಿಕೆಗೆ ಮಾತ್ರ ತೀರಾ ಕಡಿಮೆ ಪ್ರಮಾಣದಲ್ಲಿ ಕೊಡುತ್ತೇನೆ ಎಂದರು. ಆಮೇಲೆ ಕಿಡ್ನಿ ಡಾಕ್ಟರಿಗೆ ತಿಳಿಸಿದ್ದೀಯಾ ಎಂದು ಕೇಳಿದರು.

ತಿಳಿಸಿದ್ದೇನೆ ಎಂದೆ.

ಅದು ಸುಳ್ಳು. ಆಸ್ಪತ್ರೆಯ ಫಾರ್ಮಿನಲ್ಲಿ ಗಿಡಮೂಲಿಕೆ, ಸಪ್ಲಿಮೆಂಟ್ ಏನಾದರೂ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆ ಪ್ರತಿ ಸಲವೂ ಇರುತ್ತಿತ್ತು, ನಾನು ಪ್ರತಿ ಸಲವೂ ಇಲ್ಲ ಎಂದು ಗುರುತು ಹಾಕುತ್ತಿದ್ದೆ. ಸಪ್ಲಿಮೆಂಟ್ ಎಂದರೆ ನನ್ನ ತಲೆಯಲ್ಲಿ ಅಂಗಡಿಯ ದೊಡ್ಡ ಡಬ್ಬಿಯ ವಿಟಮಿನ್ನು. ಬಿಸಿನೀರಿಗೆ ಕದಡಿ ಕುಡಿಯುವುದು ಕಷಾಯ. ಕಷಾಯವನ್ನು ಯಾರಾದರೂ ಫಾರ್ಮಿನಲ್ಲಿ ಬರೆಯುತ್ತಾರೆಯೇ? ಆಗ ನಿಜವಾಗಿ ಹೀಗೇ ಯೋಚಿಸಿದೆನೋ, ಆಮೇಲೆ ಕಟ್ಟಿಕೊಂಡ ಸಮಾಧಾನವೋ, ಹೇಳಲಾರೆ.

ಲಿನ್ ಪುಡಿಯನ್ನು ನಮ್ಮ ಕಣ್ಣೆದುರೇ ತೂಗಿ ಪೊಟ್ಟಣ ಕಟ್ಟಿದರು. ಪ್ರತಿ ಪೊಟ್ಟಣಕ್ಕೆ ಒಂದು ಚೀಟಿ ಅಂಟಿಸಿದರು. ಅದರಲ್ಲಿ ಏನೇನಿದೆ ಎಂಬ ಪಟ್ಟಿ, ತಾರೀಕು, ಅವರ ಅಂಗಡಿಯ ಹೆಸರು, ಕೊನೆಗೆ ಬೆಲೆ. ನಾನು ಓದುವ ಮೊದಲೇ ಅತ್ತಿಗೆ ಚೀಲವನ್ನು ಎತ್ತಿಕೊಂಡರು. "ನೀನು ಹೋಗಿ ಕಾರಲ್ಲಿ ಕೂತ್ಕೋ, ನಾನು ಬಂದೆ."

ಯಾಕೆಂದು ನನಗೆ ಗೊತ್ತಿತ್ತು. ನಮ್ಮ ಮನೆಯ ಪದ್ಧತಿ ಅದು. ಕಾಯಿಲೆಯವರಿಗೆ ಔಷಧಿಯ ಬೆಲೆ ತಿಳಿಯಬಾರದು. ಅಪ್ಪ ಮಾತ್ರೆಯ ಹಾಳೆಯಲ್ಲಿ ಬೆಲೆ ಅಚ್ಚಾದ ಕಡೆಯನ್ನು ಬ್ಲೇಡಿನಿಂದ ಕತ್ತರಿಸಿ ಕೊಡುತ್ತಿದ್ದರು, ಟಾನಿಕ್ ಬಾಟಲಿಯನ್ನು ನೀರಿನಲ್ಲಿ ನೆನೆಹಾಕಿ ಕಾಗದ ಕೀಳುತ್ತಿದ್ದರು. ಬೆಲೆ ಗೊತ್ತಾದರೆ ರೋಗಿ ಗುಟುಕು ಗುಟುಕಿಗೂ ಲೆಕ್ಕ ಹಾಕುತ್ತಾನೆ, ಔಷಧಿ ಮೈಗೆ ಹತ್ತುವುದಿಲ್ಲ ಎನ್ನುವುದು ಅವರ ಮಾತು. ಔಷಧಿಗೆ ಚೌಕಾಶಿ ಮಾಡಬಾರದು ಎನ್ನುವುದು ಇನ್ನೊಂದು. ಸಂತೆಯಲ್ಲಿ ಸೊಪ್ಪಿನವಳ ಹತ್ತಿರ ನಾಲ್ಕಾಣೆಗೆ ಜಗಳವಾಡುತ್ತಿದ್ದ ಮನುಷ್ಯ ಔಷಧಿ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ಸುಮ್ಮನೆ ಬರುತ್ತಿದ್ದರು. ಅತ್ತಿಗೆ ಇದನ್ನೆಲ್ಲ ಕಲಿತದ್ದು ನಮ್ಮ ಮನೆಗೆ ಬಂದ ಮೇಲೆ. ಅಪ್ಪನ ಕೊನೆಯ ವರ್ಷ ಅವರ ಮಾತ್ರೆಗಳ ಬೆಲೆಯನ್ನು ಕತ್ತರಿಸುತ್ತಿದ್ದವರು ಅವರೇ.

ಆಮೇಲಿನ ಪೊಟ್ಟಣಗಳನ್ನೂ ಅತ್ತಿಗೆಯೇ ಕೊಂಡು ತಂದುಕೊಡುತ್ತಿದ್ದರು. ಹೀಗಾಗಿ ನನ್ನ ಕೈಗೆ ಬಂದ ಪೊಟ್ಟಣಗಳ ಮೇಲೆ ಚೀಟಿಯಿರಲಿಲ್ಲ. ಬೆಲೆಯೂ ಹೆಸರೂ ಒಂದೇ ಚೀಟಿಯಲ್ಲಿದ್ದುದರಿಂದ ಎರಡೂ ಒಟ್ಟಿಗೆ ಹೋಗಿದ್ದವು. ಚೀಟಿ ಕಿತ್ತ ಜಾಗದಲ್ಲಿ ಅಂಟು ಉಳಿದು, ಬೆರಳಿಗೆ ಹತ್ತುತ್ತಿತ್ತು.

ಕಹಿ ಎಂದರೆ ಅಂಥ ಕಹಿ ನಾನು ಕಂಡಿರಲಿಲ್ಲ. ಹನ್ನೆರಡರ ಮಗಳು ಅನನ್ಯ ಮೂಗು ಹಿಡಿದು, "ಅಮ್ಮಾ, ಮನೆ ಝೂ ತರ ಸ್ಮೆಲ್ ಮಾಡ್ತಿದೆ" ಎಂದು ಮಹಡಿ ಹತ್ತುತ್ತಿದ್ದಳು. ಆದರೆ ಮೂರನೆಯ ವಾರಕ್ಕೆ ಹಸಿವಾಯಿತು. ಏಪ್ರಿಲ್ ತಿಂಗಳ ಒಂದು ಪುಟದಲ್ಲಿ ಒಂದೇ ಸಾಲು ಇದೆ: ಇವತ್ತು ಎರಡು ಚಪಾತಿ. ಪುಡಿಯಿಂದಲೋ ಸ್ಟೆರಾಯ್ಡಿನಿಂದಲೋ ಯಾರಿಗೆ ಗೊತ್ತು. ಸ್ಟೆರಾಯ್ಡೂ ಹಸಿವು ತರಿಸುತ್ತದೆ ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಪುಣ್ಯವೆಲ್ಲ ಅತ್ತಿಗೆಯದೇ ಎಂದುಕೊಂಡೆ.

ದುಡ್ಡಿನ ಮಾತನ್ನು ಗಿರೀಶ ಒಂದೆರಡು ಸಲ ಎತ್ತಿದ. ಅತ್ತಿಗೆ ಆಮೇಲೆ ನೋಡೋಣ ಎಂದರು. ಅವನು ಮತ್ತೆ ಕೇಳಿದಾಗ ರೇಗಿ, "ನಾದಿನಿ ಔಷಧಿಗೆ ನಿಮಗೆ ರಸೀದಿ ಬೇಕಾ? ಬಾಣಂತನದ್ದೂ ಸೇರಿಸಿ ಕೊಡ್ಲಾ?" ಎಂದರು. ಎಲ್ಲರೂ ನಕ್ಕೆವು. ಅಲ್ಲಿಗೆ ಮುಗಿಯಿತು.

ಜೂನ್ ತಿಂಗಳಲ್ಲಿ ಪುಡಿಯ ಬಣ್ಣ ಬದಲಾಯಿತು. ಇದರ ಬಗ್ಗೆ ನನಗೆ ಸಂಶಯವಿಲ್ಲ, ಬರೆದಿಟ್ಟಿದ್ದೇನೆ: ಕಂದು ಹೋಗಿ ಕಪ್ಪಿಗೆ ತಿರುಗಿದೆ, ವಾಸನೆ ಸಪ್ಪೆ. ಸಂಶಯ ಇರುವುದು ಮುಂದಿನದರಲ್ಲಿ. ಒಂದು ಪುಟದಲ್ಲಿ, ಅತ್ತಿಗೆಯನ್ನು ಕೇಳಿದೆ, ಬೇರೆ ಬ್ಯಾಚ್ ಅಂತೆ ಎಂದಿದೆ. ಎರಡು ದಿನದ ನಂತರದ ಪುಟದಲ್ಲಿ, ಪುಡಿಯ ಬಣ್ಣದ ಬಗ್ಗೆ ಅತ್ತಿಗೆಯನ್ನು ಕೇಳಬೇಕು ಎಂದಿದೆ. ಹಾಗಾದರೆ ಕೇಳಿದೆನೇ? ಬ್ಯಾಚ್ ಎಂಬ ಉತ್ತರ ಅವರದೋ, ನಾನೇ ಕೊಟ್ಟುಕೊಂಡದ್ದೋ? ಈ ಎರಡು ಪುಟಗಳನ್ನು ಎಷ್ಟು ಸಲ ತಿರುವಿದ್ದೇನೋ ಲೆಕ್ಕವಿಲ್ಲ. ಕುಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆಗಸ್ಟಿನಲ್ಲಿ ರಕ್ತಪರೀಕ್ಷೆಯ ಫಲ ಬಂತು. ಅಲ್ಲಿಯವರೆಗೆ ಕಿಡ್ನಿ ಸೋರುತ್ತಿತ್ತು, ಆದರೆ ಕೆಲಸ ಮಾಡುತ್ತಿತ್ತು. ಈಗ ಕೆಲಸವೇ ಕುಸಿದಿತ್ತು. ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆದು, ನೋವಿನ ಮಾತ್ರೆ ತಿಂದೆಯಾ, ಬಾಡಿಬಿಲ್ಡಿಂಗ್ ಪೌಡರ್, ಯಾವುದಾದರೂ ಟೀ ಎಂದು ಒಂದೊಂದಾಗಿ ಕೇಳುತ್ತ ಹೋದರು. ಎಂಥ ಟೀ ಎಂದು ನಾನೇ ತಿರುಗಿ ಕೇಳಿದೆ. ಆಮೇಲೆ ಎಲ್ಲ ಹೇಳಿದೆ.

ಬೈಯುತ್ತಾರೆಂದು ಕಾಯುತ್ತಿದ್ದೆ. ಬೈಯಲಿಲ್ಲ. ಪೊಟ್ಟಣ ತಾ ಎಂದರು. ಗಿರೀಶ ಮನೆಗೆ ಹೋಗಿ ತಂದು ರಿಸೆಪ್ಷನ್ನಿನಲ್ಲಿ ಕೊಟ್ಟ. ಡಾಕ್ಟರು ಅದರ ಮುಂದೆ ನೋಡಿದರು, ಹಿಂದೆ ನೋಡಿದರು, ಅಂಟಿನ ಕಲೆಯ ಮೇಲೆ ಉಗುರಾಡಿಸಿದರು. ಲೇಬಲ್ ಎಲ್ಲಿ ಎಂದರು. ನಮ್ಮ ಮನೆಯ ಪದ್ಧತಿಯನ್ನು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಲು ಯತ್ನಿಸಿದೆ. ಒಂದೊಂದು ವಾಕ್ಯಕ್ಕೂ ಅದು ಹೆಚ್ಚು ಹುಚ್ಚಾಗಿ ಕೇಳಿಸಿತು.

ಅವರಿಗೆ ಬೇಕಾದದ್ದು ಒಂದೇ. ಇದರಲ್ಲಿ ಏನಿದೆ? ಪುಡಿಯೇ ಕಾರಣವಾದರೆ ಅದನ್ನು ನಿಲ್ಲಿಸಿ ಕಾಯಬೇಕು, ಮೂಲ ಕಾಯಿಲೆ ಕೆರಳಿದ್ದಾದರೆ ಒಂದು ದಿನವೂ ಕಾಯದೆ ಭಾರಿ ಔಷಧಿಯನ್ನು ರಕ್ತಕ್ಕೆ ಹನಿಸಬೇಕು, ಅದು ಮೈಯ ರಕ್ಷಣೆಯನ್ನೇ ಉರುಳಿಸುವಂಥದ್ದು, ಕೋವಿಡ್ ಇರುವಾಗ. ಇದರಲ್ಲಿ ಯಾವುದು ಎಂದು ತಿಳಿಯಲು ಪುಡಿ ಎಲ್ಲಿಂದ ಬಂತು ಎಂದು ಗೊತ್ತಾಗಬೇಕಿತ್ತು.

ಪಾರ್ಕಿಂಗ್ ಲಾಟಿನಿಂದಲೇ ಅತ್ತಿಗೆಗೆ ಫೋನ್ ಮಾಡಿದೆ. ಲಿನ್ ಅಂಗಡಿಯದೇ, ಮತ್ತಿನ್ನೆಲ್ಲಿಯದು ಎಂದರು. ಒಂದು ಪೊಟ್ಟಣ ಹಿಡಿದುಕೊಂಡು ನೇರವಾಗಿ ಲಿನ್ ಬಳಿಗೆ ಹೋದೆವು.

ಲಿನ್ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆಯನ್ನು ಬಿಳಿ ಕಾಗದದ ಮೇಲೆ ಹರಡಿ, ಇದು ನನ್ನದಲ್ಲ ಎಂದರು. ಫೈಲು ತೆಗೆದು ತೋರಿಸಿದರು. ನನ್ನ ಹೆಸರಿನಲ್ಲಿ ಕೊನೆಯ ಸಲ ಪುಡಿ ಹೋದದ್ದು ಮೇ ತಿಂಗಳಲ್ಲಿ. ಆಮೇಲೆ ಒಂದು ದಿನ ನಿನ್ನ ಅತ್ತಿಗೆ ಬಂದಿದ್ದರು, ಬೆಲೆಪಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದರು, ಕಷ್ಟವಾಗುತ್ತಿದೆ ಎಂದು ನನಗೇ ತಿಳಿಯಿತು ಎಂದರು. ದುಬಾರಿಯಾದ ಎರಡು ಮೂಲಿಕೆ ಬಿಡಬಹುದು, ಅಥವಾ ನನ್ನ ಪಾಲನ್ನು ಬಿಟ್ಟು ನಾನು ಕೊಂಡ ಬೆಲೆಯನ್ನಷ್ಟೇ ಕೊಡಿ ಎಂದು ಲಿನ್ ತಾವಾಗಿಯೇ ಹೇಳಿದರಂತೆ. "ಅವರು ಬೇಡ ಅಂದರು. ನಮ್ಮಲ್ಲಿ ಔಷಧಿಗೆ ಚೌಕಾಶಿ ಮಾಡುವುದಿಲ್ಲ ಅಂದರು" ಎಂದು ಲಿನ್ ಇಂಗ್ಲಿಷಿನಲ್ಲಿ ಹೇಳಿದಾಗ ನನಗೆ ಕೇಳಿಸಿದ್ದು ಅಪ್ಪನ ದನಿ.

ಗಿರೀಶ ಸಿಟ್ಟನ್ನು ಯಾರ ಮೇಲೆ ತೋರಿಸಬೇಕೋ ತಿಳಿಯದೆ ಲಿನ್ ಮೇಲೆ ತಿರುಗಿದ. ಒಣಗಿದ ಬೇರಿನ ಪುಡಿಗೆ ಇಷ್ಟೊಂದು ಬೆಲೆ ಯಾಕೆ ಎಂದು ಕೇಳಿದ. ಲಿನ್ ಬೇಸರಿಸದೆ ಒಂದು ಕಾಗದದಲ್ಲಿ ಒಂದರ ಕೆಳಗೊಂದು ಬರೆದರು. ಸರಬರಾಜು ಮಾಡುವವರಿಗೆ ಕೊಟ್ಟದ್ದು. ಸೀಸ, ಪಾದರಸ ಇದೆಯೇ, ಗಿಡ ಅದೇ ಗಿಡವೇ ಎಂದು ಲ್ಯಾಬಿನಲ್ಲಿ ಪರೀಕ್ಷಿಸಿದ್ದಕ್ಕೆ ಕೊಟ್ಟದ್ದು. ಅಂಗಡಿಯ ಬಾಡಿಗೆ. ತನ್ನ ಪಾಲು. ಪೆನ್ನನ್ನು ಆ ಸಾಲುಗಳ ಪಕ್ಕ ಇಟ್ಟು, ಇದೇ ಹೆಸರಿನ ಪುಡಿ ಅರ್ಧ ಬೆಲೆಗೆ ಸಿಗುತ್ತದೆ, ಅಲ್ಲಿ ಇವುಗಳಲ್ಲಿ ಒಂದು ಸಾಲನ್ನು ಯಾರೋ ಬಿಟ್ಟಿರುತ್ತಾರೆ, ಯಾವ ಸಾಲು ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ ಎಂದರು.

ಆ ಬೆಲೆ ನ್ಯಾಯವಾದದ್ದೇ? ಯೋಚಿಸಿ ಯೋಚಿಸಿ ನನಗೆ ಹೊಳೆಯುವುದು ಇಷ್ಟು. ಆಸ್ಪತ್ರೆಯ ಖರ್ಚಿನ ಬಗ್ಗೆ ಇನ್ಶೂರೆನ್ಸ್ ಕಂಪನಿಯಿಂದ ಬರುತ್ತಿದ್ದ ಕಾಗದಗಳಲ್ಲಿ ಒಂದು ಕಾರಿನ ಬೆಲೆಯಷ್ಟು ಅಂಕಿ ಇರುತ್ತಿತ್ತು, ಮೇಲೆ ದಪ್ಪಕ್ಷರದಲ್ಲಿ ಇದು ಬಿಲ್ ಅಲ್ಲ ಎಂದು ಅಚ್ಚಾಗಿರುತ್ತಿತ್ತು. ಅದನ್ನು ನಾವು ಯಾರೂ ನ್ಯಾಯ, ಅನ್ಯಾಯ ಎಂದು ತೂಗಲಿಲ್ಲ, ಇನ್ಶೂರೆನ್ಸ್ ನೋಡಿಕೊಳ್ಳುತ್ತದೆ ಎಂದು ಫೈಲಿಗೆ ಸೇರಿಸಿದೆವು. ಲಿನ್ ಬರೆದ ನಾಲ್ಕು ಸಾಲನ್ನು ಮಾತ್ರ ಕೈಯಿಂದ ಕೊಡಬೇಕಿತ್ತು, ಹಾಗಾಗಿ ಅದೊಂದೇ ದುಬಾರಿ ಎನಿಸಿತು. ಗೋಡೆಯ ಮೇಲೆ ತೂಗುಹಾಕಿದ್ದ ಬೆಲೆಯನ್ನು ನಾನು ಒಮ್ಮೆಯೂ ಓದಲಿಲ್ಲ. ಓದಬಾರದು ಎಂದು ನನ್ನನ್ನು ಬೆಳೆಸಿದ್ದರು, ಓದದೆ ಇರುವುದು ನನಗೆ ಸುಖವಾಗಿಯೂ ಇತ್ತು.

ಅಂದೇ ಅಣ್ಣನ ಮನೆಗೆ ಹೋದೆವು. ಅಣ್ಣನ ಕಾಂಟ್ರ್ಯಾಕ್ಟ್ ಮಾರ್ಚ್ ತಿಂಗಳಲ್ಲೇ ಮುಗಿದಿತ್ತಂತೆ. ನನ್ನ ಕಾಯಿಲೆಯ ನಡುವೆ ಇದೊಂದು ಬೇರೆ ಯಾಕೆ ಎಂದು ನಮಗೆ ತಿಳಿಸಿರಲಿಲ್ಲ. ಪುಡಿಯ ಸಂಗತಿ ಅಣ್ಣನಿಗೇ ಗೊತ್ತಿರಲಿಲ್ಲ. ಅವನು ಸೋಫಾದ ಅಂಚಿನಲ್ಲಿ ಕುಳಿತು ನೆಲ ನೋಡುತ್ತಿದ್ದ. ಅತ್ತಿಗೆ ನಿಂತೇ ಇದ್ದರು.

"ಯಾವ ಅಂಗಡಿ, ಅತ್ತಿಗೆ? ಡಾಕ್ಟರ್‌ಗೆ ಹೇಳ್ಬೇಕು."

"ಅಂಗಡಿ ಅಲ್ಲ. ದೇವಸ್ಥಾನದಲ್ಲಿ ಪರಿಚಯದೋರೊಬ್ರು ಸಿಗ್ತಾರಲ್ಲ, ಅವರಿಗೆ ಗೊತ್ತಿರೋರು ಮೇರಿಲ್ಯಾಂಡ್ ಕಡೆಯಿಂದ ತಂದ್ಕೊಡ್ತಿದ್ರು. ಅದೇ ಹೆಸರು, ಅದೇ ಔಷಧಿ ಅಂದ್ರು."

"ಪ್ಯಾಕೆಟ್ ಮೇಲೆ ಏನು ಬರೆದಿತ್ತು?"

"ನಾನು ಓದ್ಲಿಲ್ಲ ಶೈಲು. ಕಿತ್ತು ಹಾಕ್ತಿದ್ದೆ."

ದೇವಸ್ಥಾನದ ಪರಿಚಯದವರಿಗೆ ಫೋನ್ ಮಾಡಿದರೆ, ತಂದುಕೊಡುತ್ತಿದ್ದವರು ಊರು ಬಿಟ್ಟಿದ್ದಾರೆ ಎಂದರು. ಉಳಿದಿದ್ದ ಪುಡಿಯನ್ನು ಆಸ್ಪತ್ರೆಯವರು ಎಲ್ಲಿಗೋ ಕಳಿಸಿದರು. ಫಲ ಬರಲು ಎಷ್ಟು ದಿನವೋ ಹೇಳಲಾಗದು ಎಂದರು. ಕಾಯಿಲೆ ಮೊದಲು ಗೊತ್ತಾದಾಗ ಮಾಡಿದಂತೆ, ಪರೀಕ್ಷೆಗೆಂದು ಕಿಡ್ನಿಗೆ ಎರಡನೆಯ ಸಲ ಸೂಜಿ ಹಾಕಿ ಚೂರು ತೆಗೆದರು. ಬೋರಲು ಮಲಗಿಸಿ, ಉಸಿರು ಬಿಗಿಹಿಡಿ ಎನ್ನುತ್ತಾರೆ, ಬೆನ್ನಿನಲ್ಲಿ ಸ್ಟೇಪ್ಲರ್ ಒತ್ತಿದಂಥ ಸದ್ದು. ಒಬ್ಬ ನರ್ಸ್ ಅಷ್ಟೂ ಹೊತ್ತು ನನ್ನ ಕಣಕಾಲನ್ನು ಹಿಡಿದಿದ್ದಳು. ಆ ಕೈ ಬೆಚ್ಚಗಿತ್ತು. ಆ ವಾರದಲ್ಲಿ ಒಳ್ಳೆಯದು ಎಂದು ಬರೆದಿಟ್ಟದ್ದು ಅದೊಂದೇ.

ವರದಿ, ಪುಡಿ ಮತ್ತು ಮೂಲ ಕಾಯಿಲೆ ಎರಡೂ ಕಾರಣವಿರಬಹುದು ಎಂದಿತು. ಕಾಯಲು ಹೊತ್ತಿರಲಿಲ್ಲ. ಭಾರಿ ಔಷಧಿ ಶುರು ಮಾಡಿದರು. ಕುರ್ಚಿಯಲ್ಲಿ ಆರಾರು ಗಂಟೆ, ಕೈಯಲ್ಲಿ ನಳಿಕೆ, ಎದುರಿನ ಕುರ್ಚಿಯಲ್ಲಿ ಕಂಬಳಿ ಹೊದ್ದ ಇನ್ನೊಬ್ಬರು. ಕೂದಲು ತೆಳುವಾಯಿತು. ಎರಡು ಸಲ ಸೋಂಕಾಗಿ ಒಳರೋಗಿಯಾದೆ. ಬೇಡದ ಔಷಧಿಯನ್ನು ಮೈಗೆ ಬಿಟ್ಟುಕೊಂಡೆನೋ, ಅದೇ ನನ್ನನ್ನು ಉಳಿಸಿತೋ, ಇವತ್ತಿಗೂ ಯಾರೂ ಹೇಳಿಲ್ಲ. ಪುಡಿಯ ಪರೀಕ್ಷೆಯಿಂದಲೂ ಖಚಿತವಾಗಿ ಏನೂ ತಿಳಿಯಲಿಲ್ಲ, ಕಳಿಸಿದ್ದು ತೀರಾ ಕಡಿಮೆಯಾಯಿತಂತೆ. ಈಗ ನನ್ನ ಕಿಡ್ನಿಗಳು ಮೂರರಲ್ಲೊಂದು ಪಾಲಿಗಿಂತ ಕಡಿಮೆ ಕೆಲಸ ಮಾಡುತ್ತಿವೆ. ಡಯಾಲಿಸಿಸ್ ಬರುತ್ತದೆ, ಯಾವಾಗ ಎಂಬುದಷ್ಟೇ ಗೊತ್ತಿಲ್ಲ. ಅದಕ್ಕೆ ಸಿದ್ಧಪಡಿಸುವ ತರಗತಿಯಲ್ಲಿ ಹೋಗಿ ಕುಳಿತು ಬಂದಿದ್ದೇನೆ. ಎಡಗೈಯಿಂದ ರಕ್ತ ತೆಗೆಯಲು ಈಗ ಯಾರಿಗೂ ಬಿಡುವುದಿಲ್ಲ, ಮುಂದೆ ಸೂಜಿ ಚುಚ್ಚಲು ಆ ನರಗಳು ಬೇಕು.

ಮರುವರ್ಷ ಅಣ್ಣನಿಗೆ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ಕೆಲಸ ಸಿಕ್ಕಿತು. ಹೋಗುವ ಮುನ್ನ ಅತ್ತಿಗೆ ನನ್ನೆದುರು ಅಳಲಿಲ್ಲ, ಕ್ಷಮಿಸು ಎನ್ನಲಿಲ್ಲ, ನಾನೂ ಅದನ್ನು ಬಯಸಿರಲಿಲ್ಲ. ಅವರ ಮೇಲೆ ಕೋಪ ಬರಿಸಿಕೊಳ್ಳಲು ಪ್ರಯತ್ನಿಸಿದ್ದೇನೆ. ಗಿರೀಶನಿಗೆ ಅದು ಸುಲಭವಾಗಿ ಬರುತ್ತದೆ. ನನಗೆ, ಕೆಲಸವಿಲ್ಲದ ಗಂಡನಿಗೆ ತಿಳಿಯದ ಹಾಗೆ ಮನೆಖರ್ಚಿನಲ್ಲಿ ಹಿಂಡಿ ಹಿಂಡಿ ನನಗಾಗಿ ಪೊಟ್ಟಣ ಕೊಂಡ ಹೆಂಗಸು ಕಾಣುತ್ತಾರೆ. ಆಮೇಲೆ ಫಾರ್ಮಿನಲ್ಲಿ ಇಲ್ಲ ಎಂದು ಗುರುತು ಹಾಕುತ್ತಿರುವ ನನ್ನದೇ ಕೈ ಕಾಣುತ್ತದೆ.

ಆದರೆ ಲಿನ್ ಹೇಳಿದ ಒಂದು ಮಾತು ಕೊರೆಯುತ್ತಲೇ ಇತ್ತು. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಅನಾಹುತವಾದ ಮೇಲೆ, ಬೆಲೆ ಇಳಿಸಲು ಸಿದ್ಧಳಿದ್ದೆ ಎಂದು ಯಾವ ಅಂಗಡಿಯವಳಾದರೂ ಹೇಳಬಹುದು. ಇಬ್ಬರೇ ಇದ್ದ ಆ ಕೋಣೆಯಲ್ಲಿ ಏನು ನಡೆಯಿತು ಎಂದು ಬಲ್ಲ ಇನ್ನೊಬ್ಬರು ಅತ್ತಿಗೆ.

ಕಳೆದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಶಾರ್ಲೆಟ್‌ಗೆ ಹೋಗಿದ್ದೆವು. ಮಧ್ಯಾಹ್ನ ಗಂಡಸರು ಅನನ್ಯಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಅತ್ತಿಗೆ ಹುರುಳಿಕಾಯಿ ಹೆಚ್ಚುತ್ತಿದ್ದರು, ನಾನು ಎದುರಿಗೆ ಕುಳಿತು ನಾರು ತೆಗೆಯುತ್ತಿದ್ದೆ. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಕೇಳಿದೆ. ಚಾಕು ನಿಂತಿತು. ಅವರು ನನ್ನ ಎಡಗೈಯನ್ನು ನೋಡಿದರು, ನನ್ನ ಮುಖವನ್ನಲ್ಲ. ಆಮೇಲೆ ಎದ್ದು, ಹೆಚ್ಚಿದ್ದನ್ನು ತೊಳೆಯಲು ಸಿಂಕಿನ ಕಡೆಗೆ ಹೋದರು. ಆ ದಿನವೂ ಹೇಳಲಿಲ್ಲ, ಅಲ್ಲಿಂದೀಚೆಗೆ ವಾರವಾರ ಮಾಡುವ ಫೋನಿನಲ್ಲೂ ಹೇಳಿಲ್ಲ. ನಾನು ಮತ್ತೆ ಕೇಳಿಲ್ಲ. ಈ ಸಲ ಕೇಳಿದೆನೋ ಇಲ್ಲವೋ ಎಂಬ ಸಂಶಯ ಉಳಿಯದಿರಲಿ ಎಂದು, ನಾನು ಕೇಳಿದ್ದನ್ನು ಅಂದೇ ದಿನಚರಿಯಲ್ಲಿ ಬರೆದಿಟ್ಟುಕೊಂಡೆ:

"ಅತ್ತಿಗೆ, ಬೆಲೆ ಇಳಿಸ್ತೀನಿ ಅಂತ ಲಿನ್ ನಿಜವಾಗ್ಲೂ ಅಂದಿದ್ರಾ? ಅಂದಿದ್ರೆ, ನೀವು ಬೇಡ ಅಂದಿದ್ದು ಯಾಕೆ?"